ಕಣ್ಣಿಗಿಂತ ಮೊದಲು ಕಿವಿ

ಬೆಳಗಿನ ಹೊತ್ತು ಕೋಲಾರದ ಟೊಮೆಟೊ ಮಂಡಿಯಲ್ಲಿ ಹತ್ತು ನಿಮಿಷ ನಿಂತು ಕೇಳಿ. ಹರಾಜಿನ ಕೂಗಿನಲ್ಲಿ ತೆಲುಗು, ಚೀಟಿಯಲ್ಲಿ ಕನ್ನಡ, ಲಾರಿ ಹತ್ತಿರ ಉರ್ದು, ಗಡಿಯಾಚೆಯ ವ್ಯಾಪಾರಿಯ ಫೋನಿನಲ್ಲಿ ತಮಿಳು. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗಾಡಿ ಶಾಲೆಯಲ್ಲಿ ಕನ್ನಡ ಬರೆಯುತ್ತಾರೆ. ಸ್ವತಂತ್ರ ಸಿನಿಮಾಗಳನ್ನು ಹೊಸದಾಗಿ ನೋಡಹೊರಟವರಿಗೆ ಈ ಕಿವಿಯೇ ಬಂಡವಾಳ. ತೆರೆಯ ಮೇಲೆ ಯಾರ್ಯಾರಿದ್ದಾರೆ ಎಂದು ಎಣಿಸುವ ಮೊದಲು, ಯಾರು ಯಾರೆದುರು ಬಾಯಿ ಬಿಡುತ್ತಾರೆ, ಯಾರೆದುರು ಸುಮ್ಮನಾಗುತ್ತಾರೆ ಎಂದು ಗಮನಿಸಿ.

ಶುರುವಿಗೆ ರಾಮ್ ರೆಡ್ಡಿಯವರ 'ತಿಥಿ' ಇರಲಿ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಗೆದ್ದ ಈ ಚಿತ್ರದಲ್ಲಿ ನಟಿಸಿದವರು ಮಂಡ್ಯ ಸೀಮೆಯ ಹಳ್ಳಿಯವರೇ. ಜೊತೆಗೆ ಕೂತು ಬರೆದ ಈರೇಗೌಡರು ಅದೇ ನೆಲದವರು. ಅಲ್ಲಿನ ಮಾತು ನಗಿಸಲೆಂದು ಕಲಿತ ಹಳ್ಳಿ ಭಾಷೆಯಲ್ಲ. ಚಿತ್ರದ ಮುದುಕ ಗಡ್ಡಪ್ಪ ಒಂದೊಂದೇ ಮಾತಿನಲ್ಲಿ ಉತ್ತರ ಮುಗಿಸುವಾಗ ಆ ಮೌನಕ್ಕೂ ಊರಿನ ವಾಸನೆಯಿದೆ.

ಆಮೇಲೆ ಜೈಶಂಕರ್ ಆರ್ಯರ್ ಅವರ 'ಶಿವಮ್ಮ'. 2022ರಲ್ಲಿ ಬೂಸಾನ್‌ನಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದ, ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಕಥೆ. ಶಾಲೆಯಲ್ಲಿ ಅಡುಗೆ ಮಾಡುವ ಶಿವಮ್ಮ ಚೈನ್ ವ್ಯಾಪಾರಕ್ಕೆ ಬಿದ್ದು, ಉಳಿಸಿದ ದುಡ್ಡು ಹಾಕಿ, ನೆಂಟರನ್ನೂ ನೆರೆಯವರನ್ನೂ ಕಾಡುತ್ತಾಳೆ. ಸಿಟ್ಟು ಬರುತ್ತದೆ, ಆದರೂ ಅವಳ ಕೈ ಬಿಡಲಾಗುವುದಿಲ್ಲ. ಬಡ ಹೆಂಗಸನ್ನು ಕಣ್ಣೀರಿನ ಗೊಂಬೆ ಮಾಡದೆ, ಹಟ ಮಾಡಲು, ಎಡವಲು ಬಿಟ್ಟಿದ್ದಾರಲ್ಲ, ನನ್ನ ಮಟ್ಟಿಗೆ ಪ್ರಾತಿನಿಧ್ಯ ಎಂದರೆ ಅದು.

'ನಾನು ಅವನಲ್ಲ ಅವಳು' ನೋಡುವಾಗ ಇನ್ನೊಂದು ಪ್ರಶ್ನೆ ಜೊತೆಗಿರಲಿ. ಟ್ರಾನ್ಸ್ ಮಹಿಳೆ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ ಆಧರಿಸಿದ ಈ ಚಿತ್ರದ ಮುಖ್ಯ ಪಾತ್ರಕ್ಕೆ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿ ಪಡೆದರು; ನಟನೆ ಅಪರೂಪದ್ದು. ಆ ಪಾತ್ರ ಟ್ರಾನ್ಸ್ ಕಲಾವಿದೆಗೆ ಸಿಕ್ಕಿದ್ದರೆ ಎಂದು ಕೇಳಿಕೊಳ್ಳುವುದರಿಂದ ಆ ಮೆಚ್ಚುಗೆಯೇನೂ ತಗ್ಗುವುದಿಲ್ಲ.

ನಮ್ಮ ಜಿಲ್ಲೆಯ ಹೆಸರನ್ನು ಲೋಕಕ್ಕೆಲ್ಲ ಒಯ್ದದ್ದು 2018ರ 'ಕೆಜಿಎಫ್'. 2001ರಲ್ಲಿ ಮುಚ್ಚಿದ ಕೋಲಾರದ ಆ ಚಿನ್ನದ ಗಣಿಯಲ್ಲಿ ತಲೆಮಾರುಗಟ್ಟಲೆ ದುಡಿದ ತಮಿಳು ದಲಿತ ಕುಟುಂಬಗಳ ನಿಜವಾದ ಬದುಕು ಅದರಲ್ಲಿಲ್ಲ. ಈ ಕೊರತೆ ನನ್ನನ್ನು ಇಂದಿಗೂ ನೋಯಿಸುತ್ತದೆ.

ಇಂಥದ್ದೇ ಕೊರತೆ ತುಂಬಿದ್ದು ಜಪಾನಿನ ಕತ್ಸುಯಾ ತೊಮಿತಾ ಅವರ 'ಸೌದಾಜಿ' (2011). ಕೋಫು ಪಟ್ಟಣದ ಕಟ್ಟಡ ಕೂಲಿಗಳು, ಬ್ರೆಜಿಲ್‌ನಿಂದ ಬಂದ ಕಾರ್ಮಿಕರು, ಥಾಯ್ ಹೆಂಗಸರು ಅದರಲ್ಲಿ ಒಂದೇ ಬೀದಿಯಲ್ಲಿದ್ದಾರೆ. ಸಬ್‌ಟೈಟಲ್ ಅವರ ಮೂರು ಭಾಷೆಗಳನ್ನೂ ಒಂದೇ ಅಕ್ಷರದಲ್ಲಿ ಮುಚ್ಚಿಬಿಡುತ್ತದೆ. ಹಾಗಾಗಿ ಒಂದು ದೃಶ್ಯವನ್ನು ಎರಡನೇ ಸಲ ಓದದೆ ನೋಡಿ, ಭಾಷೆ ಬದಲಾಗುವ ಗಳಿಗೆಯಲ್ಲಿ ಮುಖಗಳೂ ಬದಲಾಗುವುದು ಕಾಣುತ್ತದೆ.

ಅಂಥ ಬೀದಿಗಳು ನಮ್ಮಲ್ಲೂ ಇವೆ. ಹೋಂಡಾ ಕಾರ್ಖಾನೆ ಬಂದ ನರಸಾಪುರದಲ್ಲಿ, ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ಈಗ ಹೊರಗಿನಿಂದ ಬಂದ ಹುಡುಗರ ಬಾಡಿಗೆ ಕೋಣೆಗಳಿವೆ. ಮೊಬೈಲಿನಲ್ಲಿ ಚಿತ್ರ ಮಾಡುವ ಕೋಲಾರದ ಗೆಳೆಯರೇ, ಕ್ಯಾಮೆರಾ ತೆಗೆಯುವ ಮೊದಲು ಒಂದು ಸಂಜೆ ಅವರ ಜೊತೆ ಟೀ ಕುಡಿಯುತ್ತ ಸುಮ್ಮನೆ ಕೇಳಿಸಿಕೊಳ್ಳಿ.