ವೆಂಟಿಲೇಟರ್ ಬಿಡಿಸುವ ವಿಜ್ಞಾನ: ನಮ್ಮ ಬರಹಗಳು ಮರೆತ ಅರ್ಧ ಭಾಗ

2020 ಮತ್ತು 2021ರಲ್ಲಿ ಕೋವಿಡ್ ಕುರಿತು ಕನ್ನಡದಲ್ಲಿ ಬಂದ ಲೇಖನಗಳನ್ನು ನೀವೂ ಓದಿರಬಹುದು. ವೆಂಟಿಲೇಟರ್ ಎಂದರೇನು, ಅದು ಶ್ವಾಸಕೋಶಕ್ಕೆ ಗಾಳಿಯನ್ನು ಹೇಗೆ ತಳ್ಳುತ್ತದೆ, ಜಿಲ್ಲೆಗೆ ಎಷ್ಟು ಬಂದಿವೆ, ಇನ್ನೆಷ್ಟು ಬೇಕು ಎಂಬ ವಿವರಗಳು ಅವುಗಳಲ್ಲಿದ್ದವು. ರೋಗಿಯನ್ನು ಆ ಯಂತ್ರದಿಂದ ಬಿಡಿಸಿ ತರುವುದು ಹೇಗೆ ಎಂಬ ಪ್ರಶ್ನೆ ಮಾತ್ರ ನಾನು ಓದಿದವುಗಳಲ್ಲಿ ಅಪರೂಪವಾಗಿತ್ತು. ಅಂಥ ಲೇಖನಗಳಲ್ಲಿ ಒಂದೆರಡು ನಾನೇ ಬರೆದವು. ಆದ್ದರಿಂದ ಈ ವಿಮರ್ಶೆ ಮೊದಲು ನನಗೇ ಅನ್ವಯಿಸುತ್ತದೆ.

ಯಂತ್ರಗಳನ್ನು ಎಣಿಸಲು ಕಾರಣವಿತ್ತು. 2020ರ ಮೇ ತಿಂಗಳಿನಲ್ಲಿ 50,000 ವೆಂಟಿಲೇಟರ್‌ಗಳಿಗಾಗಿ ಪಿಎಂ ಕೇರ್ಸ್ ನಿಧಿಯಿಂದ 2,000 ಕೋಟಿ ರೂಪಾಯಿ ಘೋಷಣೆಯಾಯಿತು. ಮೈಸೂರಿನ ಸ್ಕ್ಯಾನ್‌ರೇ ಸಂಸ್ಥೆಯ ಜೊತೆಗೂಡಿ 30,000 ಯಂತ್ರಗಳನ್ನು ತಯಾರಿಸುವ ಹೊಣೆಯನ್ನು ಬಿಇಎಲ್ ಹೊತ್ತಿತು. ಹೆಮ್ಮೆಪಡುವಂಥ ಕೆಲಸವೇ. ಆದರೆ ವೆಂಟಿಲೇಟರ್ ರೋಗವನ್ನು ಗುಣಪಡಿಸುವುದಿಲ್ಲ; ಶ್ವಾಸಕೋಶ ಚೇತರಿಸಿಕೊಳ್ಳಲು ಕಾಲಾವಕಾಶ ಕೊಡುತ್ತದೆ, ಅಷ್ಟೆ. ಆ ಅವಕಾಶಕ್ಕೆ ದೇಹ ಬೆಲೆಯನ್ನೂ ತೆರುತ್ತದೆ.

ಇದನ್ನು ನಾನು ಕಲಿತದ್ದು 2021ರ ಮೇ ತಿಂಗಳಿನಲ್ಲಿ. ಖಾನಾಪುರ ತಾಲ್ಲೂಕಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಬೆಳಗಾವಿ ನಗರದ ಆಸ್ಪತ್ರೆಯೊಂದರಲ್ಲಿ ವೆಂಟಿಲೇಟರ್ ಮೇಲಿದ್ದರು. "ಸರ್, ಆಕ್ಸಿಜನ್ 95 ಬಂದೈತ್ರಿ. ಆದ್ರೂ ಮಷೀನ್ ಯಾಕ ತಗೀವಲ್ರು?" ಎಂದು ಆತ ಫೋನಿನಲ್ಲಿ ಕೇಳಿದ. "ಹಾಗಾದರೆ ನಾಳೆ ತೆಗೆಯುತ್ತಾರೆ" ಎಂದೆ. ನಾಳೆಯೂ ತೆಗೆಯಲಿಲ್ಲ, ನಾಡಿದ್ದೂ ತೆಗೆಯಲಿಲ್ಲ. ಮನೆಯವರಿಗೆ ವೈದ್ಯರ ಮೇಲೆ ಸಂಶಯ ಹುಟ್ಟಿತು. ನಮ್ಮ ಜವಾಬ್ದಾರಿಯ ಮೇಲೆ ಕರೆದುಕೊಂಡು ಹೋಗುತ್ತೇವೆ ಎನ್ನುವವರೆಗೆ ಮಾತು ಬೆಳೆಯಿತು. ತಪ್ಪು ವೈದ್ಯರದಾಗಿರಲಿಲ್ಲ, ಒಂದೇ ಸಂಖ್ಯೆಯನ್ನು ನಂಬಿದ ಭೌತವಿಜ್ಞಾನದ ಮೇಷ್ಟ್ರದು.

ಆ 95ರ ಅರ್ಥವೇನು? ಸಾಮಾನ್ಯ ಗಾಳಿಯಲ್ಲಿ ಶೇ. 21ರಷ್ಟು ಆಕ್ಸಿಜನ್ ಇರುತ್ತದೆ. ಶೇ. 60ರಷ್ಟು ಆಕ್ಸಿಜನ್ ಕೊಟ್ಟಾಗ ಬರುವ 95 ಬೇರೆ, ಶೇ. 30ಕ್ಕೆ ಬರುವ 95 ಬೇರೆ. ಅದೂ ಅಲ್ಲದೆ, ಉಸಿರೆಳೆಯುವ ಕೆಲಸವನ್ನು ಯಾರು ಮಾಡುತ್ತಿದ್ದಾರೆ ಎಂಬುದನ್ನು ಆ ಸಂಖ್ಯೆ ಹೇಳುವುದೇ ಇಲ್ಲ.

ಒಂದು ಸರಳ ಲೆಕ್ಕ ನೋಡಿ. ಒಬ್ಬರು ನಿಮಿಷಕ್ಕೆ 15 ಸಲ, ಪ್ರತಿ ಸಲ 600 ಮಿ.ಲೀ. ಉಸಿರೆಳೆಯುತ್ತಾರೆ. ಇನ್ನೊಬ್ಬರು 36 ಸಲ, 250 ಮಿ.ಲೀ.ನಂತೆ. ಇಬ್ಬರದೂ ನಿಮಿಷಕ್ಕೆ 9 ಲೀಟರ್. ಆದರೆ ಪ್ರತಿ ಉಸಿರಿನಲ್ಲೂ ಸುಮಾರು 150 ಮಿ.ಲೀ. ಗಾಳಿ ಶ್ವಾಸನಾಳಗಳಲ್ಲೇ ಉಳಿದು ವ್ಯರ್ಥವಾಗುತ್ತದೆ. ಅದನ್ನು ಕಳೆದರೆ ಮೊದಲನೆಯವರ ವಾಯುಕೋಶಗಳಿಗೆ 6.75 ಲೀಟರ್ ತಲಪುತ್ತದೆ, ಎರಡನೆಯವರಿಗೆ 3.6 ಲೀಟರ್ ಮಾತ್ರ. ಉಸಿರಿನ ದರವನ್ನು ಲೀಟರ್‌ನಲ್ಲಿ ಹೇಳಿದ ಉಸಿರಿನ ಗಾತ್ರದಿಂದ ಭಾಗಿಸಿದರೆ ಮೊದಲನೆಯವರಿಗೆ 25, ಎರಡನೆಯವರಿಗೆ 144 ಬರುತ್ತದೆ. ಈ ಅನುಪಾತ 105ನ್ನು ಮೀರಿದವರು ಸ್ವಂತ ಉಸಿರಾಟದಲ್ಲಿ ಸೋಲುವ ಸಂಭವ ಹೆಚ್ಚು ಎಂದು 1991ರಲ್ಲಿ ಯಾಂಗ್ ಮತ್ತು ಟೋಬಿನ್ ತೋರಿಸಿದರು. ಇದು ಅಂತಿಮ ತೀರ್ಪಲ್ಲ, ಎಚ್ಚರಿಕೆಯ ಗಂಟೆ.

ಸೋಲಲು ಕಾರಣಗಳು ಎರಡು ಕಡೆಯಿಂದ ಬರುತ್ತವೆ. ವೈರಸ್ ಸೋಂಕಿನಿಂದ ವಾಯುಕೋಶಗಳಲ್ಲಿ ದ್ರವ ತುಂಬಿ ಶ್ವಾಸಕೋಶ ಗಡುಸಾಗುತ್ತದೆ. ಅಷ್ಟೇ ಗಾಳಿಗೆ ಹೆಚ್ಚು ಒತ್ತಡ ಬೇಕಾಗುತ್ತದೆ. ಇತ್ತ ಆ ಒತ್ತಡವನ್ನು ಉಂಟುಮಾಡಬೇಕಾದ ವಪೆ ಕೆಲಸವಿಲ್ಲದೆ ಸೊರಗುತ್ತದೆ. ಮಿದುಳು ನಿಷ್ಕ್ರಿಯಗೊಂಡು 18ರಿಂದ 69 ಗಂಟೆ ಕಾಲ ಯಂತ್ರದ ಮೇಲಿದ್ದ ಅಂಗದಾನಿಗಳ ವಪೆಯ ಸ್ನಾಯುತಂತುಗಳು ಅರ್ಧಕ್ಕಿಂತ ಹೆಚ್ಚು ತೆಳುವಾಗಿದ್ದುದು 2008ರ ಅಧ್ಯಯನವೊಂದರಲ್ಲಿ ಕಂಡುಬಂದಿತು. ಕೋವಿಡ್ ರೋಗಿಗಳಲ್ಲಿ ಅನೇಕರು ವಾರಗಟ್ಟಲೆ ಮಂಪರು ಔಷಧದಲ್ಲಿ ಇರಬೇಕಾಯಿತು ಎಂಬುದನ್ನು ನೆನೆಯಿರಿ. ಬೇಗ ಬಿಡಿಸಿದರೆ ಮತ್ತೆ ಕೊಳವೆ ಹಾಕುವ ಅಪಾಯ. ತಡಮಾಡಿದರೆ ಸ್ನಾಯು ಸೊರಗಿ ಹೊಸ ಸೋಂಕು ತಗಲುವ ಅಪಾಯ.

ಇಲ್ಲಿ ಪದವೊಂದನ್ನೂ ವಿಮರ್ಶಿಸಬೇಕು. ಈ ಕ್ರಿಯೆಗೆ ವೈದ್ಯರು 'ವೀನಿಂಗ್' ಎನ್ನುತ್ತಾರೆ. ಮಗುವಿಗೆ ಮೊಲೆಹಾಲು ಬಿಡಿಸುವುದಕ್ಕೂ ಇದೇ ಪದ. ಆದ್ದರಿಂದ ಯಂತ್ರದ ನೆರವನ್ನೂ ದಿನದಿನಕ್ಕೆ ಇಷ್ಟಿಷ್ಟೇ ಕಡಿಮೆ ಮಾಡುತ್ತ ಹೋಗಬೇಕೆಂದು ತೋರುತ್ತದೆ. ಆದರೆ 1995ರಲ್ಲಿ ಎಸ್ತೆಬಾನ್ ಮತ್ತು ಸಂಗಡಿಗರು ಸ್ಪೇನಿನಲ್ಲಿ ನಡೆಸಿದ ಪ್ರಯೋಗ ಬೇರೆಯದನ್ನೇ ಹೇಳಿತು. ಯಂತ್ರ ಕೊಡುವ ಉಸಿರುಗಳ ಸಂಖ್ಯೆಯನ್ನು ಹಂತಹಂತವಾಗಿ ಇಳಿಸುವುದಕ್ಕಿಂತ, ದಿನಕ್ಕೊಮ್ಮೆ ರೋಗಿಗೆ ಸ್ವಂತವಾಗಿ ಉಸಿರಾಡಲು ಬಿಟ್ಟು ನೋಡಿದಾಗ ಸುಮಾರು ಮೂರು ಪಟ್ಟು ಬೇಗ ಕೊಳವೆ ತೆಗೆಯಲು ಸಾಧ್ಯವಾಯಿತು. ಇಂದಿನ ಕ್ರಮವೂ ಇದೇ. ಮಂಪರು ಇಳಿಸಿ ಎಚ್ಚರಿಸುತ್ತಾರೆ. ಆಕ್ಸಿಜನ್ ಅಗತ್ಯ ತಗ್ಗಿದ್ದರೆ ಅರ್ಧ ಗಂಟೆಯಿಂದ ಎರಡು ಗಂಟೆ ಕಾಲ ಯಂತ್ರದ ನೆರವನ್ನು ಬಹುಪಾಲು ತೆಗೆದು, ಉಸಿರಿನ ದರ, ನಾಡಿ, ರಕ್ತದೊತ್ತಡ, ಬೆವರುಗಳನ್ನು ಗಮನಿಸುತ್ತಾರೆ. ಕೆಮ್ಮುವ ಬಲವನ್ನೂ ನೋಡುತ್ತಾರೆ. ಸೋತರೆ ವಿಶ್ರಾಂತಿ ಕೊಟ್ಟು, ಕಾರಣ ಹುಡುಕಿ, ಮರುದಿನ ಮತ್ತೆ ಪರೀಕ್ಷೆ.

ನನ್ನ ವಿದ್ಯಾರ್ಥಿಯ ಮನೆಯವರಿಗೆ ಇದನ್ನು ತಿಳಿಯಹೇಳಿದವರು ಅಲ್ಲಿನ ಒಬ್ಬ ನರ್ಸ್. ನಿಮಿಷಕ್ಕೆ ಎಷ್ಟು ಉಸಿರು ಎಂಬ ಪಟ್ಟಿಯನ್ನು ತೋರಿಸಿದರಂತೆ. ಮನೆಯವರು ಕಾದರು. ಐದು ದಿನಗಳ ನಂತರ ಕೊಳವೆ ತೆಗೆದರು. ತಂದೆ ಊರಿಗೆ ಮರಳಿದರು.

ಕಣಕುಂಬಿ, ಜಾಂಬೋಟಿ ಕಡೆಯ ಕಾಡಂಚಿನ ಹಳ್ಳಿಗಳಿಂದ ಬರುವ ರೋಗಿಯ ಬಂಧುಗಳಿಗೆ ಬೆಳಗಾವಿಯ ಐಸಿಯು ಬಾಗಿಲಲ್ಲಿ ಸಿಗುವುದು ಎರಡೇ ಮಾತು: 'ಹಾಕಿದ್ದಾರೆ', 'ತೆಗೆದಿಲ್ಲ'. ನಡುವಿನ ವಿಜ್ಞಾನವನ್ನು ಅವರಿಗೆ ತಲಪಿಸುವುದು ನಮ್ಮಂಥ ಬರಹಗಾರರ ಕೆಲಸವಾಗಿತ್ತು. ನಾವು ಯಂತ್ರಗಳನ್ನು ಎಣಿಸಿದೆವು. ಎಷ್ಟು ಹಾಸಿಗೆಗೆ ಒಬ್ಬ ನರ್ಸ್, ದಿನದ ಪರೀಕ್ಷೆ ಎಷ್ಟು ರೋಗಿಗಳಿಗೆ ನಡೆಯಿತು, ಎಷ್ಟು ಜನರಿಗೆ ಮತ್ತೆ ಕೊಳವೆ ಹಾಕಬೇಕಾಯಿತು ಎಂದು ಎಣಿಸಲಿಲ್ಲ.

ಮುಂದೆ ನಿಮ್ಮವರಾರಾದರೂ ವೆಂಟಿಲೇಟರ್ ಮೇಲಿದ್ದಾಗ "ಆಕ್ಸಿಜನ್ ಎಷ್ಟಿದೆ?" ಎಂದಷ್ಟೇ ಕೇಳಬೇಡಿ. "ಇಂದು ಸ್ವಂತ ಉಸಿರಿನ ಪರೀಕ್ಷೆ ಮಾಡಿದಿರಾ? ಮಾಡಿರದಿದ್ದರೆ ಏಕೆ?" ಎಂದು ವಿನಯದಿಂದ ಕೇಳಿ. ಉತ್ತರ 'ಇನ್ನೂ ಸಮಯವಾಗಿಲ್ಲ' ಎಂದಿರಬಹುದು. ಹಾಗಿದ್ದರೂ ಆ ಉತ್ತರಕ್ಕೆ ಕಾರಣವಿರುತ್ತದೆ, ಮತ್ತು ಆ ಕಾರಣ ನಿಮಗೆ ಅರ್ಥವಾಗುತ್ತದೆ.