ತರಗೆಲೆಯ ಲೆಕ್ಕ

ಕೃಷ್ಣಾ, ತುಂಗಭದ್ರಾ ನದಿಗಳ ನಡುವಿನ ರಾಯಚೂರು, ಮಾನ್ವಿ, ದೇವದುರ್ಗ ಸೀಮೆಯ ಹೊಲದ ಬದುಗಳಲ್ಲಿ ಬೇವು, ಕರಿಜಾಲಿ ಸಾಮಾನ್ಯ. ಇಂಥ ಮರಗಳನ್ನು ಅಭ್ಯಸಿಸುವ ವಿಧಾನ ಸರಳ, ಅಷ್ಟೇ ಅಚ್ಚುಕಟ್ಟು. ಬೆಳವಣಿಗೆ ತಿಳಿಯಲು ನೆಲದಿಂದ 1.37 ಮೀಟರ್ ಎತ್ತರದಲ್ಲಿ ಕಾಂಡದ ಸುತ್ತಳತೆಯನ್ನು ವರ್ಷವರ್ಷವೂ ಟೇಪು ಹಿಡಿದು ಬರೆದಿಡುತ್ತಾರೆ.

ಪೋಷಕಾಂಶದ ಲೆಕ್ಕಕ್ಕೆ ನೈಲಾನ್ ಬಲೆಯ ಚೀಲಗಳು ಬೇಕು. ಒಣಗಿಸಿ ತೂಗಿದ ತರಗೆಲೆ ತುಂಬಿ ಮರದಡಿ ಇಡುತ್ತಾರೆ. ನಿಗದಿತ ಅವಧಿಗೊಮ್ಮೆ ಕೆಲವನ್ನು ತೆಗೆದು ಮತ್ತೆ ತೂಗುತ್ತಾರೆ. ಇಳಿದ ತೂಕದಿಂದ ಕೊಳೆಯುವ ವೇಗ ಗೊತ್ತಾಗುತ್ತದೆ. ಉಳಿದ ಎಲೆಯ ರಾಸಾಯನಿಕ ಪರೀಕ್ಷೆಯಿಂದ ಎಷ್ಟು ಸಾರಜನಕ, ರಂಜಕ ಬಿಡುಗಡೆಯಾಯಿತೆಂದು ತಿಳಿಯುತ್ತದೆ.

ಬೇವು ಬೇಸಿಗೆಯ ಹೊಸ್ತಿಲಲ್ಲಿ ಎಲೆ ಉದುರಿಸುತ್ತದೆ. ಮಳೆ ಬೀಳುವವರೆಗೆ ಅದು ಕೊಳೆಯುವುದು ನಿಧಾನ. ಕರಿಜಾಲಿ ಬೇರುಗಂಟಿನ ಬ್ಯಾಕ್ಟೀರಿಯಾಗಳ ನೆರವಿನಿಂದ ಗಾಳಿಯ ಸಾರಜನಕವನ್ನೇ ಬಳಸಿಕೊಳ್ಳುತ್ತದೆ. ಬದುವಿನಲ್ಲಿ ಯಾವ ಮರ ಬೆಳೆಸಬೇಕೆಂಬ ತೀರ್ಮಾನಕ್ಕೆ ಈ ಲೆಕ್ಕ ಗಟ್ಟಿ ಆಧಾರ.