ಚಳಿಗಾಲದ ಹರಟೆಯೂ ಚರಿತ್ರೆಯ ಚಿಕ್ಕ ಸಂಗತಿಗಳೂ

ಸ್ನೇಹಿತರೊಡನೆ ಕಳೆದ ಒಂದು ಸಾಧಾರಣವಾದ ಚಳಿಗಾಲದ ದಿನವನ್ನು ಬಣ್ಣಿಸುತ್ತ, ನಡುನಡುವೆ ಚರಿತ್ರೆಯ ವಿಚಿತ್ರ ಪ್ರಸಂಗಗಳನ್ನು ಹೆಣೆಯುವುದು ನಮ್ಮ ಗದ್ಯದಲ್ಲಿ ಬಳಕೆಗೆ ಬಂದಿರುವ ಪ್ರಬಂಧದ ಒಂದು ಬಗೆ. ಶ್ರೀ ಎ. ಎನ್. ಮೂರ್ತಿರಾಯರ ‘ಹಗಲುಗನಸುಗಳು’ 1937ರಲ್ಲಿ ಪ್ರಕಟವಾದ ಕಾಲದಿಂದ ಲಘುಪ್ರಬಂಧಕ್ಕೆ ಕನ್ನಡದಲ್ಲಿ ಮರ್ಯಾದೆಯ ಸ್ಥಾನವೇ ಇದೆ. ಆದರೂ ಈ ಬಗೆಯ ಅನೇಕ ಬರಹಗಳಲ್ಲಿ ದಿನವೊಂದು ಕಡೆ, ಚರಿತ್ರೆಯೊಂದು ಕಡೆ ನಿಂತು, ಎಣ್ಣೆ ನೀರುಗಳಂತೆ ಬೆರೆಯದೆ ಉಳಿಯುತ್ತವೆ. ಇದರ ಕಾರಣವನ್ನು ವಿಚಾರಿಸುವುದು ಇಲ್ಲಿಯ ಉದ್ದೇಶ.

ಹರಟೆಯ ದಿನವು ಸಾಹಿತ್ಯಕ್ಕೆ ತಕ್ಕ ವಸ್ತುವಲ್ಲವೆಂಬ ಆಕ್ಷೇಪವುಂಟಷ್ಟೆ. ಅದು ನಿಲ್ಲತಕ್ಕದ್ದಲ್ಲ. ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಕವಿಯ ದಿನಚರ್ಯೆಯನ್ನು ವಿಧಿಸುವಾಗ, ಊಟದ ತರುವಾಯದ ಜಾವವನ್ನು ಗೋಷ್ಠಿಗಾಗಿಯೇ ಮೀಸಲಿಟ್ಟಿದ್ದಾನೆ. ಬಾಣಭಟ್ಟನ ‘ಹರ್ಷಚರಿತ’ವಾದರೋ ಮಾತುಕತೆಯಿಂದಲೇ ಹುಟ್ಟಿದುದು. ಹೇಮಂತಕ್ಕೆ ಹಿಂದಿನ ಶರತ್ಕಾಲದಲ್ಲಿ ಕವಿಯು ಅರಮನೆಯಿಂದ ತನ್ನೂರಿಗೆ ಬರುತ್ತಾನೆ, ಬಂಧುಗಳು ಕುಶಲ ವಿಚಾರಿಸುತ್ತಾರೆ, ಪುರಾಣಪಠನ ನಡೆಯುತ್ತದೆ, ದಾಯಾದಿ ಸೋದರರು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಾರೆ, ಅವರಲ್ಲಿ ಕಿರಿಯನಾದ ಶ್ಯಾಮಲನು ಹರ್ಷನ ಕಥೆಯನ್ನು ಹೇಳೆಂದು ಕೇಳುತ್ತಾನೆ. ಹೊತ್ತು ಮುಗಿಯುತ್ತ ಬಂದಿತು, ನಾಳೆ ಹೇಳುವೆನೆಂದು ಬಾಣನು ಉತ್ತರಿಸುತ್ತಾನೆ. ಚರಿತ್ರೆಯು ಇಲ್ಲಿ ಕೇಳಿದವರಿಗಾಗಿ ಬಂದಿದೆ; ಕೇಳದವರ ಮೇಲೆ ಸುರಿದುದಲ್ಲ.

ಅದೇ ಗ್ರಂಥದ ಆರನೆಯ ಉಚ್ಛ್ವಾಸದಲ್ಲಿ ವಿಚಿತ್ರ ಸಂಗತಿಗಳ ಒಂದು ಮಾಲೆಯೇ ಇದೆ. ಸಾರಿಕೆಯೊಂದು ಗುಟ್ಟನ್ನು ನುಡಿದುದರಿಂದ ಪದ್ಮಾವತಿಯ ನಾಗಸೇನನು ಹಾಳಾದನು. ಗಿಳಿಯೊಂದು ರಹಸ್ಯವನ್ನು ಕೇಳಿಸಿಕೊಂಡುದರಿಂದ ಶ್ರಾವಸ್ತಿಯ ಶ್ರುತವರ್ಮನ ಸಂಪತ್ತು ಅಳಿಯಿತು. ಮೌರ್ಯ ಬೃಹದ್ರಥನು ಸೈನ್ಯವನ್ನು ನೋಡಲು ಹೋಗಿ ಸೇನಾನಿ ಪುಷ್ಯಮಿತ್ರನ ಕೈಯಲ್ಲಿ ಮಡಿದನು. ಕುತೂಹಲಕ್ಕಾಗಿ ಕೂಡಿಸಿದ್ದರೆ ಇದು ಬರಿಯ ಪಟ್ಟಿಯಾಗುತ್ತಿತ್ತು. ಆದರೆ ಇದನ್ನು ಹೇಳುವವನು ಗಜಸೇನಾಧಿಪತಿ ಸ್ಕಂದಗುಪ್ತ. ಕೇಳುವವನು ಅಣ್ಣನನ್ನು ವಂಚನೆಯಿಂದ ಕಳೆದುಕೊಂಡ ಹರ್ಷ. ಎಲ್ಲರನ್ನೂ ನಂಬುವ ಸ್ವಭಾವವನ್ನು ಬಿಡು ಎಂಬ ಒಂದೇ ಬುದ್ಧಿವಾದ ಅಷ್ಟು ಕಥೆಗಳ ಹಿಂದೆಯೂ ಇದೆ. ಕ್ಷೇಮೇಂದ್ರನು ಔಚಿತ್ಯವೆಂದು ಕರೆದುದು ಇದನ್ನೇ. ನಮ್ಮ ಪ್ರಬಂಧಕಾರರಲ್ಲಿ ಹಲವರಿಗೆ ಗಿಳಿಯ ಕಥೆ ಗೊತ್ತು. ಅದನ್ನು ಯಾರಿಗೆ, ಏಕೆ ಹೇಳುತ್ತಿದ್ದೇವೆಂಬುದು ಮರೆತಿದೆ.

ಇನ್ನು ದಿನದ ಮಾತು. ಪುಷ್ಯಮಾಸದ ಉತ್ತರಾಯಣ ಸಂಕ್ರಮಣದಂದು ಕೊಟ್ಟ ದಾನಗಳನ್ನು ಹೇಳುವ ಶಾಸನಗಳು ಕನ್ನಡ ನಾಡಿನಲ್ಲಿ ಹೇರಳವಾಗಿವೆ. ಅವೂ ಚಳಿಗಾಲದ ದಿನಗಳೇ. ಕೊಟ್ಟವನ ಹೆಸರು, ಭೂಮಿಯ ಅಳತೆ, ಎಲ್ಲೆಕಟ್ಟು, ಅಳುಪಿದವನಿಗೆ ಶಾಪ ಇವೆಲ್ಲ ಕಲ್ಲಿನಲ್ಲಿವೆ. ಅಂದು ಮಂಜು ಬಿದ್ದಿತ್ತೆ, ನೆರೆದವರು ಏನು ಹೊದ್ದಿದ್ದರು, ಯಾವ ಮಾತಿಗೆ ನಕ್ಕರು ಎಂಬುದು ಇಲ್ಲ. ಬಿಳಿಚೋಡಿನಂತಹ ಬಯಲುಸೀಮೆಯ ಊರಿನಲ್ಲಿ ಕಂಬಳಿ ಹೊದ್ದು, ಎಳೆಬಿಸಿಲಿಗೆ ಬೆನ್ನುಕೊಟ್ಟು, ನಾಲ್ವರು ಗೆಳೆಯರು ಮಂಡಕ್ಕಿ ಮೆಲ್ಲುತ್ತ ಆಡುವ ಮಾತನ್ನು ಯಾವ ದಾನಿಯೂ ಕೆತ್ತಿಸುವುದಿಲ್ಲ. ಅದನ್ನು ಉಳಿಸಬೇಕಾದುದು ಪ್ರಬಂಧವೇ. ಅದೂ ಅಲಂಕಾರದ ಮಾತಿನಲ್ಲಿ ದಿನವನ್ನು ಮುಚ್ಚಿಬಿಟ್ಟರೆ, ಆ ಜನರು ಎರಡನೆಯ ಸಲ ಮರೆವಿಗೆ ಸಲ್ಲುತ್ತಾರೆ.

ನೆರೆಯ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ಬ್ರಹ್ಮಗಿರಿಯ ಬಂಡೆಯ ಮೇಲೆ, ಬಿ. ಎಲ್. ರೈಸರು 1892ರಲ್ಲಿ ಕಂಡುಹಿಡಿದ ಅಶೋಕನ ಶಾಸನವಿದೆ. ಅದರ ಕೊನೆಯಲ್ಲಿ ಚಪಡನೆಂಬ ಬರೆಹಗಾರನು ತನ್ನ ಹೆಸರನ್ನು ಹೇಳಿ, ಲಿಪಿಕಾರನೆಂಬ ಮಾತನ್ನು ಮಾತ್ರ ಬ್ರಾಹ್ಮಿಯನ್ನು ಬಿಟ್ಟು, ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ದೂರದ ವಾಯವ್ಯ ದೇಶದ ಲಿಪಿ. ಚಕ್ರವರ್ತಿಯ ಆಜ್ಞೆಗೆ ಅದರಿಂದ ಏನೂ ಪ್ರಯೋಜನವಿಲ್ಲ. ಆದರೆ ಒಬ್ಬ ಮನುಷ್ಯನ ಕೈ ಅಲ್ಲಿ ಕಾಣುತ್ತದೆ. ಧರ್ಮದ ಮಾತು ಅರಸನದು, ಆ ಒಂದು ಮಾತು ಚಪಡನದು.

ಒಳ್ಳೆಯ ಪ್ರಬಂಧವನ್ನು ಇದರಿಂದಲೇ ಅಳೆಯಬಹುದು. ಅದರಲ್ಲಿ ಕೇಳುವ ಶ್ಯಾಮಲನೊಬ್ಬನಿರಬೇಕು. ಹೇಳಲು ಸ್ಕಂದಗುಪ್ತನಿಗಿದ್ದಂಥ ಕಾರಣವಿರಬೇಕು. ಚಪಡನಂತೆ ಬರೆದವನ ಕೈಯ ಗುರುತು ಒಂದೆಡೆಯಾದರೂ ಉಳಿದಿರಬೇಕು. ಈ ಮೂರೂ ಇದ್ದಲ್ಲಿ ಅರಸರ ಕಥೆ ಎಷ್ಟು ಕಡಿಮೆಯಾದರೂ ಸಹೃದಯರಿಗೆ ಕೊರತೆ ತೋರದು.